ಡೇ ಕೇರ್, ಪ್ಲೇಸ್ಕೂಲ್‌ಗಳಲ್ಲಿ ಪುಟ್ಟ ಮಕ್ಕಳ ಮನಸ್ಸು: ಪದೇ ಪದೇ ಕೇಳುವ ಪ್ರಶ್ನೆಗಳು

ಹುಟ್ಟಿದಂದಿನಿಂದ ಸುಮಾರು ಐದು ವರ್ಷದವರೆಗಿನ ಮಕ್ಕಳನ್ನು ನೋಡಿಕೊಳ್ಳುವ ಟೀಚರ್‌ಗಳು, ಸಹಾಯಕರು, ಅಪ್ಪ ಅಮ್ಮಂದಿರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ. ಮೊದಲಿಂದ ಕೊನೆವರೆಗೆ ಓದಲೇಬೇಕು ಅಂತೇನಿಲ್ಲ. ನಿಮಗೆ ಬೇಕಾದ ಪ್ರಶ್ನೆ ಹುಡುಕಿಕೊಳ್ಳಿ.

ಇಷ್ಟು ಚಿಕ್ಕ ಮಕ್ಕಳಿಗೂ ಮಾನಸಿಕ ಆರೋಗ್ಯ ಅಂತ ಇರುತ್ತಾ?

ಇರುತ್ತದೆ. ಆದರೆ ಎರಡು ವರ್ಷದ ಮಗು "ನನಗೆ ಬೇಜಾರಾಗಿದೆ" ಅಂತ ಬಂದು ಹೇಳುವುದಿಲ್ಲ. ಊಟ ಬಿಡುತ್ತದೆ. ನಿದ್ದೆಯಲ್ಲಿ ಬೆಚ್ಚುತ್ತದೆ. ಆಟ ನಿಲ್ಲಿಸುತ್ತದೆ. ಇಲ್ಲವೇ ಪಕ್ಕದ ಮಗುವನ್ನು ತಳ್ಳುತ್ತದೆ. ಮನಸ್ಸು ಚೆನ್ನಾಗಿರುವ ಮಗುವಿಗೆ ಹತ್ತಿರದ ಒಂದಿಬ್ಬರು ದೊಡ್ಡವರ ಮೇಲೆ ನಂಬಿಕೆ ಇರುತ್ತದೆ. ಅದು ಅಳುತ್ತದೆ, ಸಿಟ್ಟಾಗುತ್ತದೆ, ಆಮೇಲೆ ಸಮಾಧಾನಕ್ಕೂ ಬರುತ್ತದೆ. ಕಂಡಿದ್ದನ್ನೆಲ್ಲ ಮುಟ್ಟಿ, ಎಳೆದು, ಬೀಳಿಸಿ ನೋಡುವ ಆಸೆ ಅದಕ್ಕೆ ಇರುತ್ತದೆ.

1970ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ ಟ್ರಾನಿಕ್ ಒಂದು ಪ್ರಯೋಗ ಮಾಡಿದರು. ಮಗುವಿನ ಜೊತೆ ನಗುತ್ತಾ ಆಡುತ್ತಿದ್ದ ಅಮ್ಮ ಇದ್ದಕ್ಕಿದ್ದಂತೆ ಮುಖದಲ್ಲಿ ಏನನ್ನೂ ತೋರಿಸದೆ ಸುಮ್ಮನಾಗಬೇಕು. ಕೆಲವೇ ನಿಮಿಷ, ಅಷ್ಟೇ. ಮಗು ಮೊದಲು ನಗುತ್ತದೆ, ಕೈ ಚಾಚುತ್ತದೆ, ಕಿರುಚುತ್ತದೆ, ಅಮ್ಮನನ್ನು ಮತ್ತೆ ಆಟಕ್ಕೆ ಎಳೆಯಲು ಏನೆಲ್ಲ ಮಾಡುತ್ತದೆ. ಯಾವುದೂ ನಡೆಯದಿದ್ದಾಗ ಮುಖ ತಿರುಗಿಸುತ್ತದೆ. ಎಷ್ಟೋ ಮಕ್ಕಳು ಅತ್ತೇ ಬಿಡುತ್ತವೆ. ಇವು ಇನ್ನೂ ಮಾತು ಬಾರದ, ಕೆಲವೇ ತಿಂಗಳ ಮಕ್ಕಳು. "ಅದಕ್ಕೇನು ಗೊತ್ತಾಗುತ್ತೆ ಬಿಡಿ" ಅನ್ನುವವರಿಗೆ ಇದೊಂದು ಸಾಕು.

ಮನಸ್ಸು ನೋಡಿಕೊಳ್ಳೋದು ಮನೆಯವರ ಕೆಲಸ ಅಲ್ವಾ? ನಾವು ಕಲಿಸೋದು, ಆಡಿಸೋದು ತಾನೇ?

ಇಡೀ ದಿನ ಡೇ ಕೇರ್‌ನಲ್ಲಿರುವ ಮಗು ಎಚ್ಚರವಾಗಿರುವ ಹೊತ್ತಿನಲ್ಲಿ ಹೆಚ್ಚಿನ ಪಾಲನ್ನು ನಿಮ್ಮ ಹತ್ತಿರವೇ ಕಳೆಯುತ್ತದೆ. ಡಯಾಪರ್ ಬದಲಿಸುವಾಗ, ಊಟ ಮಾಡಿಸುವಾಗ, ಮಲಗಿಸುವಾಗ ಅದರ ಜೊತೆ ಇರುವವರು ನೀವು. ಹಾಗಾಗಿ ನಿಮಗೆ ಇಷ್ಟವಿರಲಿ ಇಲ್ಲದಿರಲಿ, ಈ ಕೆಲಸ ಈಗಾಗಲೇ ನಿಮ್ಮ ಕೈಯಲ್ಲಿದೆ.

ನನ್ನ ಅಭಿಪ್ರಾಯ ಕೇಳಿದರೆ, ಒಂದು ಕೇಂದ್ರ ಮಕ್ಕಳ ಮನಸ್ಸಿಗಾಗಿ ಒಂದೇ ಒಂದು ಬದಲಾವಣೆ ಮಾಡಬಹುದು ಅಂತಾದರೆ ಅದು ಇದು: ಪ್ರತಿ ಮಗುವಿಗೂ ತನ್ನವರು ಅನ್ನುವ ಒಬ್ಬ ಟೀಚರ್ ಇರಲಿ. ಬ್ರಿಟನ್ನಿನಲ್ಲಿ ಪುಟ್ಟ ಮಕ್ಕಳ ಪಾಲನೆಯ ತಜ್ಞೆ ಎಲಿನೋರ್ ಗೋಲ್ಡ್‌ಶ್ಮೀಡ್ ಇದನ್ನೇ ಬಹಳ ಕಾಲ ಹೇಳುತ್ತಾ ಬಂದರು. ಬೆಳಿಗ್ಗೆ ಬರಮಾಡಿಕೊಳ್ಳುವುದು, ಊಟ, ಡಯಾಪರ್, ನಿದ್ದೆ, ಮನೆಯವರ ಜೊತೆ ಮಾತು, ಇವೆಲ್ಲ ಆದಷ್ಟೂ ಅವರಿಂದಲೇ ನಡೆಯಬೇಕು. ಅವರು ರಜೆ ಹಾಕಿದ ದಿನಕ್ಕೆ ಎರಡನೆಯವರು ಒಬ್ಬರಿರಲಿ. ಎಲ್ಲರೂ ಎಲ್ಲ ಮಕ್ಕಳನ್ನೂ ನೋಡಿಕೊಳ್ಳುತ್ತೇವೆ ಅನ್ನುವ ಕಡೆ ಎಷ್ಟೋ ಸಲ ಯಾವ ಮಗುವನ್ನೂ ಯಾರೂ ಸರಿಯಾಗಿ ಬಲ್ಲವರಿರುವುದಿಲ್ಲ.

ಟೀಚರ್‌ಗೆ ಅಂಟಿಕೊಂಡರೆ ಮಗು ನನ್ನಿಂದ ದೂರ ಆಗಲ್ವಾ?

ಆಗುವುದಿಲ್ಲ. ಮಗುವಿಗೆ ಒಬ್ಬರಿಗಿಂತ ಜಾಸ್ತಿ ಜನರ ಜೊತೆ ನಂಟು ಬೆಳೆಯುತ್ತದೆ, ಅಪ್ಪ ಅಮ್ಮನ ಜಾಗ ಬೇರೆಯವರಿಗೆ ಹೋಗುವುದಿಲ್ಲ. ಬಿದ್ದು ಪೆಟ್ಟಾದಾಗ ಮಗು ಟೀಚರ್ ಹತ್ತಿರ ಓಡುತ್ತದೆ ಅಂದರೆ ನೀವು ಅದನ್ನು ಒಳ್ಳೆಯ ಕಡೆಯೇ ಬಿಟ್ಟಿದ್ದೀರಿ ಅಂತ ತಿಳಿಯಿರಿ.

ಹೊಸದಾಗಿ ಸೇರಿದ ಮಗು ಅಳುವುದು ಎಷ್ಟು ದಿನದವರೆಗೆ ಸರಿ?

ಅಮ್ಮ ಅಪ್ಪನನ್ನು ಬಿಟ್ಟಿರಲಾರದ ಭಯ ಸುಮಾರು ಎಂಟು ತಿಂಗಳಿಗೆ ಶುರುವಾಗುತ್ತದೆ. ಒಂದು, ಒಂದೂವರೆ ವರ್ಷದ ಆಸುಪಾಸಿನಲ್ಲಿ ಜೋರಾಗಿರುತ್ತದೆ. ಆ ಹೊತ್ತಿಗೇ ಸೇರಿಸಿದರೆ ಅಳು ಜಾಸ್ತಿ. ಇದು ರೋಗವಲ್ಲ, ಹಟವೂ ಅಲ್ಲ. ಬಹಳಷ್ಟು ಮಕ್ಕಳು ಕೆಲವು ವಾರಗಳಲ್ಲಿ ಹೊಂದಿಕೊಳ್ಳುತ್ತವೆ.

ದಿನ ಎಣಿಸುವುದಕ್ಕಿಂತ ಅಳು ಹೇಗೆ ನಿಲ್ಲುತ್ತದೆ ಅಂತ ನೋಡಿ. ಟೀಚರ್ ಎತ್ತಿಕೊಂಡಾಗ ಸ್ವಲ್ಪ ಹೊತ್ತಿಗೆ ಸಮಾಧಾನವಾಗಿ, ಬಿಕ್ಕುತ್ತಲೇ ಆಟಿಕೆ ಕಡೆ ಕಣ್ಣು ಹಾಯಿಸಿದರೆ ದಾರಿ ಸರಿಯಿದೆ. ಅತ್ತು ಅತ್ತು ಸುಸ್ತಾಗಿ, ಯಾರನ್ನೂ ನೋಡದೆ, ಏನನ್ನೂ ಮುಟ್ಟದೆ ಒಂದು ಕಡೆ ಕೂತುಬಿಟ್ಟರೆ ಅದನ್ನು "ಹೊಂದಿಕೊಂಡಿತು" ಅಂತ ಬರೆದುಕೊಳ್ಳಬೇಡಿ. ಅದು ಸೋತು ಸುಮ್ಮನಾಗಿರುವುದು.

ಜರ್ಮನಿಯ ಎಷ್ಟೋ ಕೇಂದ್ರಗಳಲ್ಲಿ ಬರ್ಲಿನ್ ಮಾದರಿ ಅನ್ನುವ ಕ್ರಮ ಇದೆ. ಮೊದಲ ಮೂರು ದಿನ ಅಪ್ಪನೋ ಅಮ್ಮನೋ ಮಗುವಿನ ಜೊತೆ ಅಲ್ಲೇ ಕೂರುತ್ತಾರೆ, ಸ್ವಲ್ಪ ಹೊತ್ತಿದ್ದು ಮಗುವನ್ನು ಕರೆದುಕೊಂಡೇ ಮನೆಗೆ ಹೋಗುತ್ತಾರೆ. ಬಿಟ್ಟು ಹೋಗುವ ಮಾತೇ ಇಲ್ಲ. ನಾಲ್ಕನೆಯ ದಿನ ಹೇಳಿ ಹೊರಗೆ ಹೋಗುತ್ತಾರೆ, ಆದರೆ ಅಲ್ಲೇ ಹತ್ತಿರ ಇರುತ್ತಾರೆ. ಟೀಚರ್ ಕೈಯಲ್ಲಿ ಮಗು ಸಮಾಧಾನವಾದರೆ ಅರ್ಧ ಗಂಟೆವರೆಗೆ ಬಿಡಬಹುದು. ಆಗದಿದ್ದರೆ ಕೆಲವು ನಿಮಿಷಕ್ಕೇ ವಾಪಸ್ ಬರುತ್ತಾರೆ, ಮುಂದಿನ ಕೆಲವು ದಿನ ಮತ್ತೆ ಜೊತೆಗೇ ಕೂರುತ್ತಾರೆ. ಕೆಲಸಕ್ಕೆ ಹೋಗುವವರಿಗೆ ಇಷ್ಟು ರಜೆ ಎಲ್ಲಿಂದ ಸಿಗಬೇಕು, ನಿಜ. ಪೂರ್ತಿ ಆಗದಿದ್ದರೆ ಮೊದಲ ಎರಡು ದಿನ ಜೊತೆಗಿದ್ದು ಆಮೇಲೆ ಹೊತ್ತು ಹೆಚ್ಚಿಸುತ್ತಾ ಹೋದರೂ ಮಗುವಿಗೆ ಸುಲಭವಾಗುತ್ತದೆ.

ಹೇಳಿ ಹೋದರೆ ಅಳುತ್ತದೆ. ಆಟದಲ್ಲಿರುವಾಗ ಸುಮ್ನೆ ಜಾರಿಕೊಂಡರೆ ಆಗಲ್ವಾ?

ಬೇಡ. ಆ ದಿನದ ಅಳು ತಪ್ಪಬಹುದು. ಆದರೆ ತಲೆಯೆತ್ತಿ ನೋಡಿದಾಗ ನೀವಿಲ್ಲ ಅಂದರೆ ಮಗು ಏನು ಕಲಿಯುತ್ತದೆ? ಕಣ್ಣು ತಪ್ಪಿಸಿದರೆ ಅಮ್ಮ ಮಾಯವಾಗುತ್ತಾಳೆ ಅಂತ. ನಾಳೆಯಿಂದ ಅದು ನಿಮ್ಮ ಬಟ್ಟೆ ಬಿಡುವುದಿಲ್ಲ, ಆಟಕ್ಕೂ ಹೋಗುವುದಿಲ್ಲ. ಒಂದು ಮುತ್ತು, ಒಂದು ಮಾತು, "ನಿದ್ದೆ ಮಾಡಿ ಎದ್ದ ಮೇಲೆ ಬರ್ತೀನಿ", ಹೊರಡಿ. ಹೊರಟ ಮೇಲೆ ಮೂರು ಸಲ ವಾಪಸ್ ಬಂದು ತಬ್ಬಿಕೊಳ್ಳಬೇಡಿ. "ಐದು ಗಂಟೆಗೆ" ಅಂತ ಹೇಳಿದರೆ ಮಗುವಿಗೆ ಅರ್ಥವಾಗುವುದಿಲ್ಲ. ಯಾವ ಕೆಲಸ ಆದಮೇಲೆ ಬರುತ್ತೀರಿ ಅಂತ ಹೇಳಿ, ಹೇಳಿದ ಹಾಗೇ ಬನ್ನಿ.

ದಿನವಿಡೀ ಚೆನ್ನಾಗಿತ್ತಂತೆ, ನನ್ನನ್ನು ನೋಡಿದ ಕೂಡಲೇ ಅಳು ಶುರು. ಯಾಕೆ?

ದಿನವಿಡೀ ತಡೆದುಕೊಂಡಿದ್ದನ್ನು ನಿಮ್ಮ ಮುಂದೆ ಹೊರಹಾಕುತ್ತಿದೆ. ಟೀಚರ್ ಸರಿಯಾಗಿ ನೋಡಿಕೊಂಡಿಲ್ಲ ಅಂತ ಇದರಿಂದ ಹೇಳಲಾಗದು. ಬ್ಯಾಗ್, ಚಪ್ಪಲಿ, "ಇವತ್ತು ಏನು ಕಲಿತೆ", ಎಲ್ಲ ಆಮೇಲೆ. ಮೊದಲು ಎರಡು ನಿಮಿಷ ಎತ್ತಿಕೊಳ್ಳಿ.

ಒಂದು ಮಗು ಎಲ್ಲರನ್ನೂ ಕಚ್ಚುತ್ತದೆ. ಏನು ಮಾಡೋದು?

ಇದರಷ್ಟು ಗಲಾಟೆ ಎಬ್ಬಿಸುವ ವಿಷಯ ಇನ್ನೊಂದಿಲ್ಲ. ಒಂದರಿಂದ ಮೂರು ವರ್ಷದೊಳಗೆ ಕಚ್ಚುವುದು ಸಾಮಾನ್ಯ. ಹಲ್ಲು ಬರುತ್ತಿರಬಹುದು. ಮಾತು ಸಾಲದೆ ಇರಬಹುದು. ಚಿಕ್ಕ ಜಾಗದಲ್ಲಿ ಜಾಸ್ತಿ ಮಕ್ಕಳಿರಬಹುದು. ಎಷ್ಟೋ ಸಲ ಖುಷಿ ಜಾಸ್ತಿಯಾಗಿಯೂ ಕಚ್ಚುತ್ತವೆ.

ಆ ಕ್ಷಣಕ್ಕೆ ಮೊದಲು ಕಚ್ಚಿಸಿಕೊಂಡ ಮಗುವಿನ ಹತ್ತಿರ ಹೋಗಿ. ಗಾಯವನ್ನು ಸೋಪು ನೀರಿನಲ್ಲಿ ತೊಳೆಯಿರಿ, ಚರ್ಮ ಹರಿದಿದ್ದರೆ ವೈದ್ಯರಿಗೆ ತೋರಿಸಲು ಹೇಳಿ. ಕಚ್ಚಿದ ಮಗುವಿನ ಮಟ್ಟಕ್ಕೆ ಕೂತು, ಗಟ್ಟಿಯಾಗಿ ಆದರೆ ಕೂಗದೆ, "ಕಚ್ಚಬಾರದು. ಅವಳಿಗೆ ನೋವಾಯ್ತು" ಅಂದರೆ ಸಾಕು. ಭಾಷಣ ಬೇಡ. "ನಿನಗೂ ಕಚ್ಚಿದರೆ ಗೊತ್ತಾಗುತ್ತೆ" ಅಂತ ತಿರುಗಿ ಕಚ್ಚಿ ತೋರಿಸುವುದು ಬೇಡವೇ ಬೇಡ.

ನಿಜವಾದ ಕೆಲಸ ಆಮೇಲಿನದು. ಒಂದು ನೋಟ್‌ಬುಕ್ ಇಡಿ. ಎಷ್ಟು ಹೊತ್ತಿಗೆ, ಎಲ್ಲಿ, ಯಾರನ್ನು, ಅದಕ್ಕೆ ಸ್ವಲ್ಪ ಮೊದಲು ಏನಾಗಿತ್ತು ಅಂತ ಬರೆಯಿರಿ. ಒಂದು ವಾರದಲ್ಲಿ ಏನೋ ಒಂದು ಕಾಣತೊಡಗುತ್ತದೆ. ಉದಾಹರಣೆಗೆ, ಹೆಚ್ಚಿನ ಸಲ ಊಟಕ್ಕೆ ಮೊದಲು, ಕೈ ತೊಳೆಯುವ ಸಾಲಿನಲ್ಲಿ, ಹಿಂದಿನ ಮಗು ಮೈಗೆ ತಾಗಿದಾಗ. ಅಲ್ಲಿಗೆ ಉತ್ತರ ಸಿಕ್ಕ ಹಾಗೆ: ಹಸಿದಿರುವ ಮಗುವನ್ನು ಸಾಲಿನಲ್ಲಿ ಒತ್ತಿಕೊಂಡು ನಿಲ್ಲಿಸಬೇಡಿ, ಮೊದಲು ಕೈ ತೊಳೆಸಿ ಕೂರಿಸಿ. ಮಗುವನ್ನು ಬದಲಾಯಿಸುವುದಕ್ಕಿಂತ ಸಾಲನ್ನು ಬದಲಾಯಿಸುವುದು ಸುಲಭ ಅಲ್ವಾ? ಜೊತೆಗೆ "ಕೊಡು", "ಬೇಡ", "ದೂರ ಹೋಗು" ಅನ್ನುವ ಪದಗಳನ್ನೋ ಕೈಸನ್ನೆಗಳನ್ನೋ ಕಲಿಸಿ.

ಕಚ್ಚಿದ್ದು ಯಾರು ಅಂತ ಇನ್ನೊಂದು ಮಗುವಿನ ಮನೆಯವರಿಗೆ ಹೇಳಬೇಡಿ. ನಡೆದಿದ್ದು ಏನು, ನೀವು ಮಾಡಿದ್ದು ಏನು, ಮುಂದೆ ಏನು ಮಾಡುತ್ತೀರಿ, ಇಷ್ಟನ್ನು ಮುಚ್ಚುಮರೆ ಇಲ್ಲದೆ ಹೇಳಿ.

ನೆಲದ ಮೇಲೆ ಬಿದ್ದು ರಂಪ ಮಾಡುವ ಮಗುವನ್ನು ಹೇಗೆ ಸಂಭಾಳಿಸೋದು?

ಹೆಚ್ಚಿನ ರಂಪಗಳು ಐದು ನಿಮಿಷದೊಳಗೆ ಮುಗಿಯುತ್ತವೆ. ನೋಡುವವರಿಗೆ ಅರ್ಧ ಗಂಟೆ ಅನಿಸುತ್ತದೆ, ಅಷ್ಟೇ. ಸಿಟ್ಟನ್ನು ಹಿಡಿತದಲ್ಲಿಡುವ ಮಿದುಳಿನ ಮುಂಭಾಗ ಪೂರ್ತಿ ಬೆಳೆಯುವುದು ಇಪ್ಪತ್ತು ದಾಟಿದ ಮೇಲೆ. ಮೂರು ವರ್ಷದ ಮಗುವಿಗೆ "ಕಂಟ್ರೋಲ್ ಮಾಡ್ಕೋ" ಅಂದರೆ ಇನ್ನೂ ಇಲ್ಲದ್ದನ್ನು ಕೇಳಿದ ಹಾಗೆ.

ಪೆಟ್ಟಾಗದಂತೆ ಜಾಗ ಮಾಡಿ, ಹತ್ತಿರ ಕೂರಿ, ಕಡಿಮೆ ಮಾತಾಡಿ. ರಂಪದ ನಡುವೆ ಬುದ್ಧಿ ಹೇಳಿದರೆ ತಲೆಗೆ ಹೋಗುವುದಿಲ್ಲ. ಜೋರು ಇಳಿದು ಅಳುವಾಗಿ ತಿರುಗಿದಾಗ ಎತ್ತಿಕೊಳ್ಳಬಹುದು. "ಆ ಕಾರು ಬೇಕಿತ್ತು. ಸಿಗಲಿಲ್ಲ. ತುಂಬಾ ಸಿಟ್ಟು ಬಂತು." ಇಷ್ಟು ಹೇಳಿ. ಕಾರು ಮಾತ್ರ ಕೊಡಬೇಡಿ. ಸಿಟ್ಟಿಗೆ ಜಾಗ ಕೊಡುವುದು ಬೇರೆ, ಕೇಳಿದ್ದೆಲ್ಲ ಕೊಡುವುದು ಬೇರೆ.

ಮೂಲೆಯಲ್ಲಿ ಕೂರಿಸುವ ಶಿಕ್ಷೆ ತಪ್ಪಾ?

ಮಕ್ಕಳ ಮುಂದೆ ಒಂಟಿಯಾಗಿ ಕೂರಿಸಿ, ಮುಖ ಗೋಡೆ ಕಡೆ ಮಾಡಿಸಿ, "ನಾಚಿಕೆ ಆಗಲ್ವಾ" ಅನ್ನುವುದು ತಪ್ಪು. ಅಲ್ಲಿ ಮಗು ಕಲಿಯುವುದು ಅವಮಾನವನ್ನು ಮಾತ್ರ. ಹೊಡೆಯುವುದು, ಹೆದರಿಸುವುದು, ಊಟ ತಡೆಯುವುದು, ಕತ್ತಲೆ ಕೋಣೆ, ಇವುಗಳ ಬಗ್ಗೆ ಚರ್ಚೆಯೇ ಇಲ್ಲ.

ಗದ್ದಲದಿಂದ ಆಚೆ ಕರೆದುಕೊಂಡು ಹೋಗಿ ಜೊತೆಗೇ ಕೂರುವುದು ಬೇರೆ ವಿಷಯ. ಅದು ಶಿಕ್ಷೆ ಅಲ್ಲ, ಬಿಡುವು.

ಹಂಚಿಕೊಳ್ಳಲ್ಲ, ಸಾರಿ ಹೇಳಲ್ಲ. ಈಗಲೇ ತಿದ್ದಬೇಕಾ?

ಎರಡು ವರ್ಷದ ಮಕ್ಕಳು ಹೆಚ್ಚಾಗಿ ಒಬ್ಬರ ಪಕ್ಕ ಒಬ್ಬರು ಕೂತು ತಂತಮ್ಮ ಆಟ ಆಡುತ್ತವೆ. 1932ರಲ್ಲೇ ಅಮೆರಿಕದ ಸಂಶೋಧಕಿ ಮಿಲ್ಡ್ರೆಡ್ ಪಾರ್ಟನ್ ಇದನ್ನು ಗುರುತಿಸಿ ಬರೆದಿದ್ದರು. ಒಂದೇ ಥರದ ಎರಡು ಮೂರು ಆಟಿಕೆ ಇಟ್ಟರೆ ಅರ್ಧ ಜಗಳ ಇರುವುದೇ ಇಲ್ಲ. ಬಲವಂತದ ಸಾರಿಗಿಂತ ನೀರು ತಂದುಕೊಡುವುದು, ಬಿದ್ದ ಬ್ಲಾಕ್ ಮತ್ತೆ ಜೋಡಿಸಲು ಕೈ ಹಾಕುವುದು ಎಷ್ಟೋ ವಾಸಿ.

ಒಂದು ಮಗು ಯಾರಿಗೂ ತೊಂದರೆ ಕೊಡಲ್ಲ, ಮಾತೂ ಆಡಲ್ಲ. ಚಿಂತೆ ಮಾಡಬೇಕಾ?

ಈ ಪ್ರಶ್ನೆ ಕೇಳಿದ್ದೇ ಒಳ್ಳೆಯದಾಯಿತು. ಗಲಾಟೆ ಮಾಡುವ ಮಗುವಿಗೆ ಇಡೀ ದಿನ ಗಮನ ಸಿಗುತ್ತದೆ. ಸುಮ್ಮನಿರುವ ಮಗುವಿಗೆ "ಒಳ್ಳೆ ಮಗು" ಅನ್ನುವ ಹೆಸರು ಸಿಗುತ್ತದೆ, ಬೇರೇನೂ ಸಿಗುವುದಿಲ್ಲ.

ಕೆಲವು ಮಕ್ಕಳ ಸ್ವಭಾವವೇ ನಿಧಾನ. 1956ರಲ್ಲಿ ನ್ಯೂಯಾರ್ಕಿನಲ್ಲಿ ಅಲೆಕ್ಸಾಂಡರ್ ಥಾಮಸ್ ಮತ್ತು ಸ್ಟೆಲ್ಲಾ ಚೆಸ್ ದಂಪತಿ ಮಕ್ಕಳನ್ನು ಹಸುಗೂಸಿನಿಂದಲೇ ಗಮನಿಸತೊಡಗಿದರು, ವರ್ಷಗಟ್ಟಲೆ ಮುಂದುವರಿಸಿದರು. ಹೊಸ ಜಾಗ, ಹೊಸ ಜನರಿಗೆ ತಡವಾಗಿ ತೆರೆದುಕೊಳ್ಳುವ ಮಕ್ಕಳದ್ದೇ ಒಂದು ಗುಂಪನ್ನು ಅವರು ಗುರುತಿಸಿದರು. ಅಂಥ ಮಗುವನ್ನು ಮೊದಲ ವಾರವೇ ಎಲ್ಲರ ಮುಂದೆ ನಿಲ್ಲಿಸಿ ಹಾಡು ಹೇಳಿಸಿದರೆ ಅದು ಇನ್ನಷ್ಟು ಮುದುಡುತ್ತದೆ. ದೂರದಿಂದ ನೋಡಲು ಬಿಡಿ. ನೋಡುವುದೂ ಅದರ ಪಾಲಿಗೆ ಆಟವೇ.

ಆದರೆ ಮನೆಯಲ್ಲಿ ಪಟಪಟ ಮಾತಾಡುವ ಮಗು ನಿಮ್ಮಲ್ಲಿ ಒಂದು ಮಾತನ್ನೂ ಆಡದೆ ತಿಂಗಳುಗಳು ಕಳೆದರೆ ಅದು ಸೆಲೆಕ್ಟಿವ್ ಮ್ಯೂಟಿಸಂ ಆಗಿರಬಹುದು. ಇದು ಆತಂಕದ ತೊಂದರೆ, ಹಟ ಅಲ್ಲ. ಶಾಲೆಗೆ ಸೇರಿದ ಮೊದಲ ತಿಂಗಳನ್ನು ಇದಕ್ಕೆ ಲೆಕ್ಕ ಹಾಕುವುದಿಲ್ಲ. ಮನೆಯ ಭಾಷೆ ಬೇರೆ, ಕೇಂದ್ರದ ಭಾಷೆ ಬೇರೆ ಆಗಿದ್ದರೂ ಮಗು ಕೆಲವು ಕಾಲ ಸುಮ್ಮನಿರುವುದು ಸಹಜ. ಅಂಥ ಕಾರಣ ಯಾವುದೂ ಇಲ್ಲದಿದ್ದರೆ ತಜ್ಞರಿಗೆ ತೋರಿಸಿ. ಅಲ್ಲಿಯವರೆಗೆ "ಮಾತಾಡಿದರೆ ಚಾಕೊಲೇಟ್" ಅನ್ನುವ ಆಮಿಷ ಬೇಡ. ತೋರಿಸುವುದು, ತಲೆ ಆಡಿಸುವುದು, ಪಿಸುಗುಟ್ಟುವುದು, ಎಲ್ಲವನ್ನೂ ಉತ್ತರ ಅಂತಲೇ ತಗೊಳ್ಳಿ.

ಭಾವನೆಗಳ ಚಾರ್ಟ್, ಶಾಂತಿ ಮೂಲೆ (ಮಗು ಕೂತು ಸಮಾಧಾನವಾಗುವ ಜಾಗ), ಉಸಿರಾಟದ ಆಟ ಇವೆಲ್ಲ ಉಪಯೋಗಕ್ಕೆ ಬರುತ್ತಾ?

ಬರುತ್ತವೆ, ಸ್ವಲ್ಪ. ಬಳಸುವವರ ಮೇಲೆ ಹೋಗುತ್ತದೆ. ಗೋಡೆಗೆ ಅಂಟಿಸಿದ ನಗುಮುಖ, ಅಳುಮುಖಗಳನ್ನು ದಿನಕ್ಕೊಮ್ಮೆ ತೋರಿಸಿ "ನೀನು ಇವತ್ತು ಯಾವುದು" ಅಂತ ಕೇಳಿದರೆ ಎಲ್ಲ ಮಕ್ಕಳೂ ನಗುಮುಖ ತೋರಿಸುತ್ತವೆ, ಅದೇ ಸರಿ ಉತ್ತರ ಅಂತ ಅವಕ್ಕೆ ಗೊತ್ತು. ಬ್ಲಾಕ್ ಬಿದ್ದಾಗ "ಅಯ್ಯೋ, ಬೇಜಾರಾಯ್ತಾ?" ಅಂತ ಆಗಲೇ ಹೇಳುವ ಟೀಚರ್ ಇದ್ದರೆ ಚಾರ್ಟ್ ಇಲ್ಲದಿದ್ದರೂ ನಡೆಯುತ್ತದೆ. ಉಸಿರಾಟದ ಆಟವನ್ನು ಮಗು ಖುಷಿಯಲ್ಲಿರುವಾಗ ಅಭ್ಯಾಸ ಮಾಡಿಸಿ, ರಂಪದ ನಡುವೆ ಅಲ್ಲ.

ಒಂದು ಕೆಲಸದಿಂದ ಇನ್ನೊಂದಕ್ಕೆ ಹೋಗುವಾಗಲೇ ಗಲಾಟೆ ಯಾಕೆ?

ಕಾಯುವುದು, ಆಟ ನಿಲ್ಲಿಸುವುದು, ಮುಂದೇನು ಅಂತ ಗೊತ್ತಿಲ್ಲದಿರುವುದು, ಮೂರೂ ಒಟ್ಟಿಗೆ ಬರುತ್ತವೆ. ಐದು ನಿಮಿಷ ಮೊದಲೇ ಹೇಳಿ. ದಿನದ ಕ್ರಮವನ್ನು ಚಿತ್ರಗಳಲ್ಲಿ ಮಗುವಿನ ಕಣ್ಣಿನ ಎತ್ತರಕ್ಕೆ ಅಂಟಿಸಿ. ಆಟಿಕೆ ಎತ್ತಿಡಲು ದಿನವೂ ಒಂದೇ ಹಾಡು ಹಾಡಿ. ಎಲ್ಲರನ್ನೂ ಒಟ್ಟಿಗೆ ಎಬ್ಬಿಸದೆ ಮೂರು ನಾಲ್ಕು ಮಕ್ಕಳಂತೆ ಕಳಿಸಿ. ಸಾಧ್ಯವಾದರೆ ದಿನದಲ್ಲಿ ಇಂಥ ಬದಲಾವಣೆಗಳನ್ನೇ ಕಡಿಮೆ ಮಾಡಿ.

ನಿದ್ದೆ, ಸ್ಕ್ರೀನ್ ಎಷ್ಟು?

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ ಲೆಕ್ಕ ಇದು: 1ರಿಂದ 2 ವರ್ಷದವರಿಗೆ ಹಗಲು ನಿದ್ದೆ ಸೇರಿ 11ರಿಂದ 14 ಗಂಟೆ, 3 ಮತ್ತು 4 ವರ್ಷದವರಿಗೆ 10ರಿಂದ 13 ಗಂಟೆ. ಎರಡು ವರ್ಷ ತುಂಬುವವರೆಗೆ ಸ್ಕ್ರೀನ್ ಬೇಡ, ಆಮೇಲೆ ದಿನಕ್ಕೆ ಒಂದು ಗಂಟೆ ಮೀರಬಾರದು. ಕಿರಿಕಿರಿ ಮಾಡುವ ಮಗುವಿನ ಮನಸ್ಸಿನಲ್ಲಿ ಏನಿದೆ ಅಂತ ಹುಡುಕುವ ಮೊದಲು ನಿನ್ನೆ ರಾತ್ರಿ ಎಷ್ಟು ಹೊತ್ತಿಗೆ ಮಲಗಿತು ಅಂತ ಕೇಳಿ.

ಮನೆಯಲ್ಲಿ ಸಾವು, ಜಗಳ, ಕಾಯಿಲೆ ಇದ್ದರೆ ನಾವೇನು ಮಾಡಬಹುದು?

ಹಾರ್ವರ್ಡ್ ವಿಶ್ವವಿದ್ಯಾಲಯದ ಮಕ್ಕಳ ಬೆಳವಣಿಗೆ ಕೇಂದ್ರದವರು ಒತ್ತಡವನ್ನು ಮೂರು ಥರ ಅನ್ನುತ್ತಾರೆ. ಮೊದಲ ದಿನದ ಶಾಲೆ, ಸೂಜಿ ಚುಚ್ಚಿಸುವುದು, ಇವು ಒಳ್ಳೆಯದಕ್ಕೇ ಆಗುವ ಸಣ್ಣ ಒತ್ತಡ. ಹತ್ತಿರದವರ ಸಾವಿನಂಥದ್ದು ದೊಡ್ಡದು, ಆದರೆ ಆಸರೆ ಇದ್ದರೆ ತಡೆದುಕೊಳ್ಳಬಹುದು. ಆಸರೆ ಕೊಡುವ ದೊಡ್ಡವರೇ ಇಲ್ಲದೆ ಬಹುಕಾಲ ಮುಂದುವರಿಯುವ ಹಿಂಸೆ, ಕಡೆಗಣನೆ ಮಿದುಳಿನ ಬೆಳವಣಿಗೆಗೇ ಪೆಟ್ಟು ಕೊಡುತ್ತದೆ. ಮನೆಯ ಕಷ್ಟವನ್ನು ನೀವು ಬಗೆಹರಿಸಲಾರಿರಿ. ಆ ಆಸರೆಯ ದೊಡ್ಡವರು ಮಾತ್ರ ನೀವಾಗಬಹುದು. ಇಂಥ ಮಗುವಿಗೆ ಆ ತಿಂಗಳು ಟೀಚರ್ ಬದಲಾಗದಂತೆ, ದಿನದ ಕ್ರಮ ಬದಲಾಗದಂತೆ ನೋಡಿಕೊಳ್ಳಿ.

ಸಾವಿನ ಬಗ್ಗೆ ಕೇಳಿದರೆ ನೇರವಾಗಿ "ಸತ್ತುಹೋದರು" ಅನ್ನಿ. "ಮಲಗಿದ್ದಾರೆ" ಅಂದರೆ ಮಗುವಿಗೆ ಮಲಗಲು ಭಯವಾಗುತ್ತದೆ. "ದೂರ ಹೋಗಿದ್ದಾರೆ" ಅಂದರೆ ಕಾಯುತ್ತಾ ಕೂರುತ್ತದೆ. ಈ ವಯಸ್ಸಿನಲ್ಲಿ ಸತ್ತವರು ವಾಪಸ್ ಬರುವುದಿಲ್ಲ ಅನ್ನುವುದು ಪೂರ್ತಿ ಅರ್ಥವಾಗದು. ಅದಕ್ಕೇ ಅದೇ ಪ್ರಶ್ನೆ ಹತ್ತು ಸಲ ಬರುತ್ತದೆ. ಹತ್ತು ಸಲವೂ ಅದೇ ಉತ್ತರ ಕೊಡಿ.

ಮಗುವಿಗೆ ಮನೆಯಲ್ಲಿ ಹಿಂಸೆ ಆಗುತ್ತಿದೆ ಅಂತ ಅನುಮಾನ ಬಂದರೆ?

ಮಗುವನ್ನು ಕೆದಕಿ ಕೆದಕಿ ಕೇಳಬೇಡಿ. ಅದು ತಾನಾಗಿ ಹೇಳಿದರೆ ಕೇಳಿಸಿಕೊಳ್ಳಿ, "ಹೇಳಿದ್ದು ಒಳ್ಳೆಯದಾಯ್ತು" ಅನ್ನಿ, ಯಾರಿಗೂ ಹೇಳುವುದಿಲ್ಲ ಅಂತ ಮಾತು ಕೊಡಬೇಡಿ. ಮಗು ಬಳಸಿದ ಪದಗಳನ್ನೇ ತಾರೀಕಿನ ಜೊತೆ ಬರೆದಿಡಿ. ಅದೇ ದಿನ ನಿಮ್ಮ ಮುಖ್ಯಸ್ಥರಿಗೂ, ನಿಮ್ಮಲ್ಲಿನ ಕಾನೂನಿನಂತೆ ಮಕ್ಕಳ ರಕ್ಷಣೆಯ ಹೊಣೆ ಇರುವವರಿಗೂ ತಿಳಿಸಿ. ಸಾಕ್ಷಿ ಹುಡುಕುವುದು ನಿಮ್ಮ ಕೆಲಸ ಅಲ್ಲ.

ಯಾವಾಗ ತಜ್ಞರ ಹತ್ತಿರ ಕಳಿಸಬೇಕು?

ಆಡುತ್ತಿದ್ದ ಮಾತು ನಿಂತುಹೋದರೆ, ಕಲಿತದ್ದು ಕೈತಪ್ಪಿದರೆ, ಕಾಯದೆ ಇಂದೇ. ಒಂದು ವರ್ಷ ದಾಟಿದರೂ ಹೆಸರು ಕರೆದರೆ ತಿರುಗದ, ಒಂದೂವರೆ ವರ್ಷವಾದರೂ ಬೆರಳು ತೋರಿಸಿ "ಅದು ನೋಡು" ಅನ್ನದ ಮಗುವನ್ನೂ ತೋರಿಸಿ. ಕಿವಿ ಪರೀಕ್ಷೆ ಮರೆಯಬೇಡಿ. ಕಿವಿ ಸರಿಯಾಗಿ ಕೇಳಿಸದ ಮಗುವಿಗೆ ಮಾತು ಕೇಳದ ಮಗು ಅಂತ ಹೆಸರು ಬಂದುಬಿಡುತ್ತದೆ.

ಉಳಿದ ವಿಷಯಗಳಲ್ಲಿ ಮೂರು ನೋಡಿ: ವಾರಗಟ್ಟಲೆ ಇದೆಯಾ, ಮನೆಯಲ್ಲೂ ಕೇಂದ್ರದಲ್ಲೂ ಇದೆಯಾ, ಆಟ, ಊಟ, ನಿದ್ದೆ ಕೆಡಿಸಿದೆಯಾ. ಹೌದಾದರೆ ಮಕ್ಕಳ ವೈದ್ಯರಿಂದ ಶುರು ಮಾಡಿ. ಟೀಚರ್ ಆಗಿ ನೀವು ರೋಗದ ಹೆಸರು ಹೇಳಬೇಡಿ, ಕಂಡಿದ್ದನ್ನು ಹೇಳಿ.

ಆ ಮಾತನ್ನು ಮನೆಯವರಿಗೆ ಹೇಗೆ ಹೇಳೋದು?

ಗೇಟಿನ ಹತ್ತಿರ, ಬೇರೆಯವರ ಮುಂದೆ, ಮಗು ಕೇಳಿಸಿಕೊಳ್ಳುವಾಗ ಖಂಡಿತ ಬೇಡ. ಕೂತು ಮಾತಾಡಲು ಸಮಯ ಕೇಳಿ. "ನಿಮ್ಮ ಮಗ ತುಂಬಾ ಅಗ್ರೆಸಿವ್" ಅಂದರೆ ಬಾಗಿಲು ಮುಚ್ಚಿದ ಹಾಗೆ. "ಈ ವಾರ ನಾಲ್ಕು ಸಲ ಬೇರೆ ಮಕ್ಕಳನ್ನು ತಳ್ಳಿದ, ಎಲ್ಲವೂ ಮಧ್ಯಾಹ್ನ ಮಲಗುವ ಮೊದಲು. ಮನೆಯಲ್ಲಿ ಆ ಹೊತ್ತಿಗೆ ಹೇಗಿರ್ತಾನೆ?" ಅಂದರೆ ಮಾತು ಮುಂದುವರಿಯುತ್ತದೆ. ಕಷ್ಟ ಬಂದಾಗ ಮಾತ್ರ ಮಾತಾಡುವ ಟೀಚರ್ ಫೋನ್ ಮಾಡಿದರೆ ಮನೆಯವರ ಎದೆ ಢವಢವ ಅನ್ನುತ್ತದೆ. ಒಳ್ಳೆಯದನ್ನೂ ಆಗಾಗ ಹೇಳುತ್ತಿರಿ.

ತುಂಬಾ ಕಷ್ಟದ ಮಗುವನ್ನು ಬೇರೆ ಕಡೆ ಸೇರಿಸಿ ಅಂತ ಹೇಳಬಹುದಾ?

ಹೇಳುವುದು ಸುಲಭ, ಎಷ್ಟೋ ಕಡೆ ಹೇಳುತ್ತಾರೆ ಕೂಡ. 2005ರಲ್ಲಿ ಯೇಲ್ ವಿಶ್ವವಿದ್ಯಾಲಯದ ವಾಲ್ಟರ್ ಗಿಲಿಯಂ ಅಮೆರಿಕದ ಸರ್ಕಾರಿ ಪ್ರೀಸ್ಕೂಲ್‌ಗಳ ಲೆಕ್ಕ ತೆಗೆದರು. ಶಾಲೆಗೆ ಹೋಗುವ ದೊಡ್ಡ ಮಕ್ಕಳಿಗೆ ಹೋಲಿಸಿದರೆ ಈ ಪುಟಾಣಿಗಳನ್ನು ಹೊರಹಾಕುವ ಪ್ರಮಾಣ ಮೂರು ಪಟ್ಟಿಗಿಂತ ಜಾಸ್ತಿ ಇತ್ತು! ಹೊರಹೋದವರಲ್ಲಿ ಹುಡುಗರೇ ಹೆಚ್ಚು. ಅದೇ ಅಧ್ಯಯನದಲ್ಲಿ ಕಂಡ ಇನ್ನೊಂದು ವಿಷಯ ಮುಖ್ಯ. ತರಗತಿಗೇ ಬಂದು ಸಲಹೆ ಕೊಡುವ ಮಾನಸಿಕ ಆರೋಗ್ಯದ ತಜ್ಞರು ಟೀಚರ್‌ಗೆ ಸಿಗುತ್ತಿದ್ದ ಕಡೆ ಮಕ್ಕಳನ್ನು ಹೊರಹಾಕುವುದು ಕಡಿಮೆ ಇತ್ತು. ಕಷ್ಟದ ಮಗುವಿಗೆ ಹೊಸ ಜಾಗ, ಹೊಸ ಮುಖಗಳು ಇನ್ನೊಂದು ಕಷ್ಟ. ಬೇರೆ ಕಡೆಗೆ ಕಳಿಸಲೇಬೇಕಾದರೆ ಆ ಜಾಗ ಗೊತ್ತಾಗಿ, ಅಲ್ಲಿನ ಟೀಚರ್ ಜೊತೆ ಮಾತಾಡಿದ ಮೇಲೆ ಕಳಿಸಿ.

ನಮಗೇ ಸಾಕಾಗಿಹೋಗಿದೆ. ನಮ್ಮನ್ನು ಯಾರು ನೋಡಿಕೊಳ್ತಾರೆ?

ಕೇಂದ್ರ ನಡೆಸುವವರು ನೋಡಿಕೊಳ್ಳಬೇಕು. ಬಿಡುವಿಲ್ಲದೆ, ಕಡಿಮೆ ಸಂಬಳಕ್ಕೆ, ಲೆಕ್ಕಕ್ಕೆ ಮೀರಿದ ಮಕ್ಕಳ ಜೊತೆ ದುಡಿಯುವವರಿಗೆ "ತಾಳ್ಮೆ ಇರಲಿ" ಅಂತ ತರಬೇತಿ ಕೊಟ್ಟರೆ ಏನೂ ಬದಲಾಗುವುದಿಲ್ಲ. ಟೀಚರ್‌ಗಳು ಪದೇ ಪದೇ ಕೆಲಸ ಬಿಟ್ಟರೆ ಮೊದಲ ನಷ್ಟ ಮಕ್ಕಳದ್ದೇ, ನಂಬಿದವರು ಮತ್ತೆ ಮತ್ತೆ ಹೋಗುತ್ತಿರುತ್ತಾರೆ.

ನಾಳೆಯಿಂದಲೇ ಮಾಡಬಹುದಾದ ಒಂದು ಸಣ್ಣ ಏರ್ಪಾಡು ಇದೆ. "ಸ್ವಲ್ಪ ನೀವು ನೋಡ್ತೀರಾ?" ಅಂತ ಒಬ್ಬರು ಅಂದರೆ ಇನ್ನೊಬ್ಬರು ಕಾರಣ ಕೇಳದೆ ಬಂದು ನಿಲ್ಲಬೇಕು. ಕೈ ಎತ್ತುವ ಮಟ್ಟಕ್ಕೆ ಸಿಟ್ಟು ಬಂದವರು ಎರಡು ನಿಮಿಷ ಹೊರಗೆ ಹೋಗಿ ಬರಲಿ. ಅದನ್ನು ಆಮೇಲೆ ಯಾರೂ ಆಡಿಕೊಳ್ಳಬಾರದು.

ಒಳ್ಳೆಯ ಕೇಂದ್ರ ಅಂತ ಗುರುತಿಸೋದು ಹೇಗೆ?

ಗೋಡೆಯ ಬಣ್ಣ, ಆಟಿಕೆಗಳನ್ನು ಆಮೇಲೆ ನೋಡಿ. ಒಂದು ಮಗು ಅತ್ತಾಗ ಯಾರು, ಎಷ್ಟು ಬೇಗ ಹೋಗುತ್ತಾರೆ ನೋಡಿ. ಟೀಚರ್‌ಗಳು ಮಕ್ಕಳ ಮಟ್ಟಕ್ಕೆ ಕೂತು ಮಾತಾಡುತ್ತಾರಾ, ನಿಂತಲ್ಲಿಂದಲೇ ಕೂಗುತ್ತಾರಾ ಗಮನಿಸಿ. ಒಬ್ಬ ಟೀಚರ್‌ಗೆ ಎಷ್ಟು ಮಕ್ಕಳು, ಕಳೆದ ವರ್ಷ ಇದ್ದವರಲ್ಲಿ ಎಷ್ಟು ಜನ ಈಗಲೂ ಇದ್ದಾರೆ, ಮೊದಲ ವಾರ ನಾವೂ ಜೊತೆಗೆ ಕೂರಬಹುದಾ ಅಂತ ಕೇಳಿ. ಹೇಳದೆ ಬಂದರೂ ಒಳಗೆ ಬಿಡುತ್ತೀರಾ ಅಂತಲೂ ಕೇಳಿ. ಈ ಕೊನೆಯ ಪ್ರಶ್ನೆಗೆ ತಡವರಿಸಿದರೆ ಬೇರೆ ಕಡೆ ನೋಡಿ.